ಒಬ್ಬಟ್ಟೂ ಬೇಕು, ರಾತ್ರಿ ನಿದ್ದೆಯೂ ಬೇಕು: ಮದುವೆ ಊಟದಲ್ಲಿ ಹದ ಹಿಡಿಯುವುದು ಹೇಗೆ?

ಪ್ರಶ್ನೆ: ಮಂಡ್ಯದ ಟೀಚರ್

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಹುಟ್ಟೂರು ಮಂಡ್ಯದ ಹತ್ತಿರ, ಈಗ ಬೆಂಗಳೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬರುವ ತಿಂಗಳು ನಮ್ಮಣ್ಣನ ಮಗಳ ಮದುವೆ. ಮೊದಲ ದಿನ ರಾತ್ರಿ ಆರತಕ್ಷತೆ, ಮಾರನೆಯ ದಿನ ಮುಹೂರ್ತದ ಊಟ, ಅದಾಗಿ ಎರಡು ದಿನಕ್ಕೆ ಊರಲ್ಲಿ ಬೀಗರ ಊಟ. ಮನೆಯ ಮದುವೆ, ಮೂರಕ್ಕೂ ಇರಲೇಬೇಕು, ಇರಬೇಕೆಂಬ ಆಸೆಯೂ ಇದೆ.

ಹೋದ ವರ್ಷ ನಮ್ಮ ದೊಡ್ಡಪ್ಪನ ಮೊಮ್ಮಗನ ಮದುವೆಯಲ್ಲಿ ನಡೆದದ್ದು ಹೇಳುತ್ತೇನೆ. ಬೆಳಗ್ಗೆ ಓಡಾಟದಲ್ಲಿ ಬರೀ ಕಾಫಿ ಕುಡಿದಿದ್ದೆ. ಧಾರೆ ಮುಗಿದು ಎಲೆ ಮುಂದೆ ಕೂತಾಗ ಒಂದೂವರೆ ಗಂಟೆ. ಪಕ್ಕದಲ್ಲಿ ಇಪ್ಪತ್ತು ವರ್ಷದ ಮೇಲೆ ಸಿಕ್ಕಿದ ಶಾಲೆಯ ಗೆಳತಿ. ಕೋಸಂಬರಿ, ಪಲ್ಯ, ಎರಡು ಆಂಬೊಡೆ, ಪುಳಿಯೋಗರೆ, ಅನ್ನ ತೊವ್ವೆ, ಸಾರು, ಎಲ್ಲಾ ಮಾತಿನ ನಡುವೆ ಹೋಯಿತು. ಆಮೇಲೆ ಒಬ್ಬಟ್ಟು ಬಂತು. ಮೊದಲನೆಯದು ನೆನಪಿದೆ: ಏಲಕ್ಕಿ ಘಮ, ತುಪ್ಪ ಹೀರಿಕೊಂಡ ಅಂಚು. ಒಟ್ಟು ಮೂರು ತಿಂದೆ ಎಂದು ಸಂಜೆ ಅತ್ತಿಗೆ ಹೇಳಿದಾಗಲೇ ಗೊತ್ತಾಗಿದ್ದು. ಎರಡು ಮತ್ತು ಮೂರನೆಯದರ ರುಚಿ ನನ್ನ ನಾಲಿಗೆಯಲ್ಲಿ ಇಲ್ಲವೇ ಇಲ್ಲ.

ಆ ರಾತ್ರಿ ಎದೆ ಉರಿ, ಹುಳಿ ತೇಗು. ಎರಡೂವರೆ ತನಕ ದಿಂಬಿಗೆ ಒರಗಿ ಕೂತೇ ಇದ್ದೆ. ಶುಗರ್ ಕೂಡ ಅಂಚಿನಲ್ಲಿದೆ, ಮೂರು ತಿಂಗಳ ಸರಾಸರಿ ಪರೀಕ್ಷೆಯಲ್ಲಿ 6.1 ಬಂತು. ಮಾತ್ರೆ ಇನ್ನೂ ಶುರುವಾಗಿಲ್ಲ.

ನನಗೆ ಎರಡು ಉತ್ತರ ದಯವಿಟ್ಟು ಬೇಡ. ‘ಒಂದು ದಿನ ತಾನೇ, ತಿನ್ನಿ’ ಎನ್ನುವುದು ಬೇಡ, ಅದನ್ನು ನಂಬಿಯೇ ಆ ರಾತ್ರಿ ಕಂಡಿದ್ದು. ‘ಸಿಹಿ ಮುಟ್ಟಲೇಬೇಡಿ’ ಎನ್ನುವುದೂ ಬೇಡ. ನಮ್ಮವ್ವ ಒರಳಲ್ಲಿ ಹೂರಣ ರುಬ್ಬುವಾಗ ಪಕ್ಕದಲ್ಲಿ ಕೈಯೊಡ್ಡಿಕೊಂಡು ಕೂತು ಬೆಳೆದವಳು ನಾನು. ಒಬ್ಬಟ್ಟನ್ನು ಶತ್ರುವಿನ ಹಾಗೆ ನೋಡಲು ನನ್ನಿಂದಾಗದು. ತಿನ್ನಬೇಕು, ತಿಂದದ್ದು ಗೊತ್ತಾಗಬೇಕು, ಹೊಟ್ಟೆ ಭಾರವಾಗುವ ಮೊದಲೇ ನಿಲ್ಲಿಸಬೇಕು, ಬಡಿಸುವವರಿಗೆ ಬೇಸರವಾಗಬಾರದು. ಇದನ್ನು ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.

ಉತ್ತರ: ಸಾಗರದ ಕಡೆಯವ

ಟೀಚರ್ ಅವರೇ, ನಾನು ಎಲೆಯ ಈಚೆ ಕಡೆಯವನು. 19ನೇ ವಯಸ್ಸಿಗೆ ಚಿಕ್ಕಪ್ಪನ ಅಡಿಗೆ ತಂಡಕ್ಕೆ ನೀರು ಬಡಿಸಲು ಸೇರಿದೆ. ಈಗ 58. ನಡುವಿನ ವರ್ಷಗಳೆಲ್ಲ ಬಗ್ಗಿ ಬಡಿಸಿದ್ದರಲ್ಲೇ ಕಳೆದವು. ಉಣ್ಣುವವರ ಮುಖ ನಮಗೆ ಅಷ್ಟಾಗಿ ಕಾಣುವುದಿಲ್ಲ, ಕೈ ಮತ್ತು ಎಲೆ ಕಾಣುತ್ತದೆ. ಯಾರು ಹೇಗೆ ಉಣ್ಣುತ್ತಾರೆ ಎಂಬುದು ಅದರಲ್ಲೇ ತಿಳಿಯುತ್ತದೆ.

ನೀವು ಮೂರನೇ ಒಬ್ಬಟ್ಟಿನ ಮೇಲೆ ತಪ್ಪು ಹೊರಿಸುತ್ತಿದ್ದೀರಿ. ನನಗೆ ಕಂಡಂತೆ ಲೆಕ್ಕ ತಪ್ಪಿದ್ದು ಪುಳಿಯೋಗರೆಯ ಹೊತ್ತಿಗೇ. ಮುಹೂರ್ತ ತಡವಾಗುತ್ತದೆ, ಜನ ಹಸಿದು ಬಂದು ಕೂರುತ್ತಾರೆ. ಎಲೆಗೆ ಮೊದಲು ಬೀಳುವುದು ಕೋಸಂಬರಿ, ಪಲ್ಯ, ಚಿತ್ರಾನ್ನವೋ ಪುಳಿಯೋಗರೆಯೋ, ಕರಿದ ತಿಂಡಿ. ಹಸಿದ ಕೈ ಅದರ ಮೇಲೆ ಬೀಳುತ್ತದೆ. ಅನ್ನ ತೊವ್ವೆ ಬರುವ ಹೊತ್ತಿಗೆ ಮುಕ್ಕಾಲು ಹೊಟ್ಟೆ ತುಂಬಿರುತ್ತದೆ, ಆದರೆ ತುಂಬಿದ್ದು ಇನ್ನೂ ತಿಳಿದಿರುವುದಿಲ್ಲ. ಮನಸ್ಸು ಕಾಯುತ್ತಿದ್ದ ಸಿಹಿ ಬರುವುದೇ ಆಮೇಲೆ. ಅಂದರೆ ಬೇಕಾಗಿದ್ದಕ್ಕೆ ಜಾಗ ಉಳಿದಿರುವುದಿಲ್ಲ, ಬೇಡವಾಗಿದ್ದಕ್ಕೆ ಜಾಗ ಕೊಟ್ಟಾಗಿರುತ್ತದೆ. ಪುಳಿಯೋಗರೆ ನಿಮಗೆ ಮನೆಯಲ್ಲೂ ಸಿಗುತ್ತದೆ. ಕಾವಲಿಯಿಂದ ಆಗಷ್ಟೇ ಇಳಿದ ಒಬ್ಬಟ್ಟು ಸಿಗುವುದು ವರ್ಷಕ್ಕೆ ಎಷ್ಟು ಸಲ? ಕೂರುವ ಮೊದಲೇ ‘ಇವತ್ತು ನನ್ನ ಊಟ ಇದಕ್ಕಾಗಿ’ ಎಂದು ಒಂದು ಪದಾರ್ಥವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಉಳಿದವನ್ನು ರುಚಿ ನೋಡುವಷ್ಟು ಹಾಕಿಸಿಕೊಳ್ಳಿ.

ಎರಡನೆಯದು ಹೊತ್ತಿನ ವಿಷಯ. ಈಗಿನ ಛತ್ರದಲ್ಲಿ ಒಂದು ಪಂಕ್ತಿ ಇಪ್ಪತ್ತು, ಇಪ್ಪತ್ತೈದು ನಿಮಿಷದಲ್ಲಿ ಎದ್ದುಬಿಡುತ್ತದೆ. ಉಣ್ಣುವವರ ಬೆನ್ನಿಗೆ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿರುತ್ತಾರೆ. ಹಾಗೆ ಬೆನ್ನ ಹಿಂದೆ ಕಾವಲು ನಿಂತರೆ ಯಾರ ಗಂಟಲಲ್ಲಿ ತುತ್ತು ನಿಧಾನವಾಗಿ ಇಳಿಯುತ್ತದೆ? ನನಗೆ ಇದು ನಿಜವಾಗಿ ನೋವು ಕೊಡುವ ಸಂಗತಿ. ನಮ್ಮ ಕಡೆ ಹವ್ಯಕರ ಮನೆಗಳಲ್ಲಿ ಊಟದ ನಡುವೆ ಒಬ್ಬೊಬ್ಬರಾಗಿ ಗ್ರಂಥ ಹೇಳುವ ಪದ್ಧತಿ. ಒಬ್ಬರು ಶ್ಲೋಕ ಹೇಳುವಾಗ ಉಳಿದವರ ಕೈ ತಾನಾಗಿ ನಿಧಾನವಾಗುತ್ತದೆ. ಹೋಳಿಗೆ ಆದ ಮೇಲೆ ಅಪ್ಪೆಹುಳಿ ಬರುತ್ತದೆ, ಅದರ ಹುಳಿಗೆ ಜಿಡ್ಡು ಕತ್ತರಿಸಿದಂತಾಗಿ ‘ಇಷ್ಟು ಸಾಕು’ ಎನಿಸುತ್ತದೆ. ಮನೆಯ ಯಜಮಾನರು ಸಾಲಿನುದ್ದಕ್ಕೂ ಕೈಮುಗಿದುಕೊಂಡು ‘ನಿಧಾನವಾಗಿ ಊಟ ಮಾಡಿ’, ‘ಸಾವಕಾಶ ಆಗಲಿ’ ಎನ್ನುತ್ತಾ ಬರುತ್ತಾರೆ. ಆ ಮಾತನ್ನು ಬರೀ ಉಪಚಾರ ಎಂದು ಬಿಡಬೇಡಿ, ಅದನ್ನು ಅಪ್ಪಣೆ ಎಂದೇ ತೆಗೆದುಕೊಳ್ಳಿ.

ಸಾಧ್ಯವಾದರೆ ಕೊನೆಯ ಪಂಕ್ತಿಗೆ ಕೂರಿ. ಬೆನ್ನ ಹಿಂದೆ ಯಾರೂ ಇರುವುದಿಲ್ಲ. ಕೆಲವು ಸಲ ಆ ಹೊತ್ತಿಗೆ ಆಂಬೊಡೆ ಮುಗಿದಿರುತ್ತದೆ, ಆ ನಷ್ಟ ಒಪ್ಪಿಕೊಳ್ಳಬಹುದು. ಮನೆಯವರು ಉಣ್ಣುವುದು ಹೇಗೂ ಕೊನೆಗೇ. ಹಾಗೆಯೇ ಪಕ್ಕದಲ್ಲಿ ಯಾರು ಎಂಬುದನ್ನು ನೋಡಿ ಕೂರಿ. ನಿಧಾನ ಉಣ್ಣುವವರ ಪಕ್ಕ ಕೂತರೆ ನಿಮ್ಮ ಕೈಯೂ ಅದೇ ಲಯಕ್ಕೆ ಬೀಳುತ್ತದೆ. ಗೆಳತಿಯ ಹತ್ತಿರ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಎರಡು ಗಂಟೆ ಮಾತಾಡಿ.

ಬಡಿಸುವವರ ವಿಷಯ. ‘ಸಾಕು’ ಎಂದು ಬಾಯಲ್ಲಿ ಹೇಳುವುದು ನಮಗೆ ಕೇಳಿಸುವುದಿಲ್ಲ, ಗದ್ದಲ ಅಷ್ಟಿರುತ್ತದೆ. ‘ಸ್ವಲ್ಪ’ ಎಂದರೆ ಎಷ್ಟು ಎಂದು ತಿಳಿಯುವುದಿಲ್ಲ. ಬಡಿಸುವವ ನಿಮ್ಮ ಪಕ್ಕದ ಎಲೆಯಲ್ಲಿ ಇರುವಾಗಲೇ ಅವನ ಮುಖ ನೋಡಿ ‘ಅರ್ಧ ಹಾಕಿ’ ಎನ್ನಿ. ಹೋಳಿಗೆ ಮುರಿದು ಅರ್ಧ ಹಾಕುವುದಕ್ಕೆ ನಮಗೆ ಯಾವ ಬೇಸರವೂ ಇಲ್ಲ. ಬೇಡವಾದರೆ ಸೌಟು ಬಾಗುವ ಮೊದಲು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯಿರಿ. ಇನ್ನೊಂದು ಒಳಗುಟ್ಟು: ಬಡಿಸುವವನ ಕಣ್ಣು ಹುಡುಕುವುದು ಎಲೆಯ ಖಾಲಿ ಜಾಗವನ್ನು. ಒಬ್ಬಟ್ಟಿನ ಕೊನೆಯ ತುಂಡನ್ನು ಹಾಗೇ ಉಳಿಸಿಕೊಂಡಿರಿ, ಬುಟ್ಟಿ ಮುಂದೆ ಹೋಗುತ್ತದೆ. ಎರಡನೇ ಸುತ್ತು ದಾಟಿದ ಮೇಲೆ ಆ ತುಂಡನ್ನು ತಿನ್ನಿ. ನಮಗೆ ಬೇಸರವಾಗುವುದು ಯಾವಾಗ ಗೊತ್ತೇ? ಸಂಕೋಚಕ್ಕೆ ಹಾಕಿಸಿಕೊಂಡ ಇಡೀ ಹೋಳಿಗೆ ಎಲೆಯ ಜೊತೆ ಮಡಚಿಕೊಂಡು ಹೋದಾಗ. ಬೆಳಗಿನ ಜಾವ ಮೂರಕ್ಕೆ ಎದ್ದು ಬೇಳೆ ಬೇಯಿಸಿದವರಿಗೆ ಅದನ್ನು ನೋಡಲಾಗುವುದಿಲ್ಲ.

ಒಬ್ಬ ಹಿರಿಯರ ಬಗ್ಗೆ ಹೇಳುತ್ತೇನೆ. ತೋಟದ ಮನೆ, ಎಂಬತ್ತು ದಾಟಿದವರು. ಅವರ ಮನೆಯ ಯಾವ ಕಾರ್ಯಕ್ಕೆ ಹೋದರೂ ಮುಂಚೆಯೇ ಹೇಳಿ ಕಳಿಸುತ್ತಿದ್ದರು: ‘ನನಗೆ ಒಂದೇ. ಆದರೆ ಬಿಸಿ ಇರುವಾಗ ಕೊಡು.’ ಕಾವಲಿಯಿಂದ ತೆಗೆದದ್ದನ್ನು ನಾನೇ ಒಯ್ದು ಹಾಕುತ್ತಿದ್ದೆ. ಮಿಳ್ಳೆಯಲ್ಲಿ ತುಪ್ಪ ಹಾಕಿದ ಮೇಲೆ ಅವರು ತಕ್ಷಣ ಕೈ ಹಾಕುತ್ತಿರಲಿಲ್ಲ. ತುಪ್ಪ ಒಳಗೆ ಇಳಿಯುವುದನ್ನು ನೋಡುತ್ತಿದ್ದರು. ಆಮೇಲೆ ಅಂಚಿನಿಂದ ಮುರಿದು, ಒಂದು ತುತ್ತು ಪೂರಾ ಇಳಿಯುವ ತನಕ ಇನ್ನೊಂದಕ್ಕೆ ಕೈ ಇಡದೆ ತಿನ್ನುತ್ತಿದ್ದರು. ಅಕ್ಕಪಕ್ಕದವರು ನಾಲ್ಕು ಮುಗಿಸಿದಾಗಲೂ ಅವರದು ಕಾಲು ಭಾಗ ಉಳಿದಿರುತ್ತಿತ್ತು. ನನ್ನ ಕೈ ಹೋಳಿಗೆಯನ್ನು ನಿಜವಾಗಿ ತಿಂದವರು ಅವರು ಎಂದೇ ನನ್ನ ಭಾವನೆ. ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡು ಪಾಲು ಅನ್ನಕ್ಕೆ, ಒಂದು ನೀರಿಗೆ, ಒಂದು ಗಾಳಿಗೆ ಬಿಡಬೇಕು ಎಂದು ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗಹೃದಯದಲ್ಲಿ ಹೇಳಿರುವುದನ್ನು ನನಗೆ ಮೊದಲು ಹೇಳಿದವರೂ ಅವರೇ.

ಉತ್ತರ: ಮೈಸೂರಿನ ಡಯಟಿಷಿಯನ್

ಮೇಲಿನವರು ಅನುಭವದಿಂದ ಹೇಳಿದ್ದಕ್ಕೆ ದೇಹದ ಕಡೆಯ ಕಾರಣಗಳನ್ನು ಸೇರಿಸುತ್ತೇನೆ. ಹೊಟ್ಟೆ ಹಿಗ್ಗಿದ ಸುದ್ದಿ ನರಗಳ ಮೂಲಕ ಮೆದುಳಿಗೆ ಹೋಗುತ್ತದೆ. ಕೊಬ್ಬು, ಪ್ರೋಟೀನು ಸಣ್ಣ ಕರುಳಿಗೆ ತಲುಪಿದಾಗ ಅಲ್ಲಿಂದ ಹಾರ್ಮೋನುಗಳು ಹೊರಟು ‘ಸಾಕು’ ಎನ್ನುತ್ತವೆ. ಇದೆಲ್ಲ ಸರಿಯಾಗಿ ತಿಳಿಯಲು ಸುಮಾರು 20 ನಿಮಿಷ ಬೇಕು. ಪಂಕ್ತಿ ಏಳುವುದೂ ಅಷ್ಟೇ ಹೊತ್ತಿಗೆ. ಅಂದರೆ ಸುದ್ದಿ ತಲುಪುವಾಗ ನೀವು ಕೈ ತೊಳೆಯುತ್ತಿರುತ್ತೀರಿ.

‘ಪಾಯಸಕ್ಕೆ ಬೇರೆ ಹೊಟ್ಟೆ’ ಎನ್ನುತ್ತಾರಲ್ಲ, ಅದರಲ್ಲಿ ಸತ್ಯವಿದೆ. ಒಂದೇ ರುಚಿ ತಿನ್ನುತ್ತಾ ಹೋದರೆ ಅದರ ಮೇಲಿನ ಆಸೆ ಇಳಿಯುತ್ತದೆ, ಹೊಸ ರುಚಿ ಬಂದ ಕೂಡಲೇ ಆಸೆ ಮತ್ತೆ ಎಚ್ಚರಗೊಳ್ಳುತ್ತದೆ. ಹದಿನೈದು ಇಪ್ಪತ್ತು ಬಗೆಯ ಎಲೆಯ ಮುಂದೆ ಹೆಚ್ಚು ತಿನ್ನುವುದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ. ಆರತಕ್ಷತೆಯ ಬಫೆಯಲ್ಲಿ ಇದು ಇನ್ನೂ ಜೋರು: ಚಾಟ್, ಗೋಬಿ, ಪೂರಿ, ಐಸ್‌ಕ್ರೀಮ್. ಅಲ್ಲಿ ತಟ್ಟೆ ಹಿಡಿಯುವ ಮೊದಲು ಒಂದು ಸುತ್ತು ಬರೀ ನೋಡಿಕೊಂಡು ಬನ್ನಿ.

ತುಪ್ಪ: ಒಂದು ಟೇಬಲ್ ಚಮಚ ಸುಮಾರು 14 ಗ್ರಾಂ, ಹತ್ತಿರ ಹತ್ತಿರ 120 ಕ್ಯಾಲೊರಿ. ಹೆದರಿಸಲು ಹೇಳುತ್ತಿಲ್ಲ. ಘಮ ಬರಲು ಒಂದು ಚಮಚ ಸಾಕು, ಬಿಸಿ ಒಬ್ಬಟ್ಟಿಗೆ ಹಾಕಿದರೆ ಇನ್ನೂ ಕಡಿಮೆ ಸಾಕು. ಜಿಡ್ಡು ಹೆಚ್ಚಾದಷ್ಟೂ ಹೊಟ್ಟೆ ಖಾಲಿಯಾಗುವುದು ತಡ, ಅನ್ನನಾಳದ ಕೆಳಗಿನ ಬಿಗಿ ಸಡಿಲವಾಗಿ ಆಮ್ಲ ಮೇಲೆ ಬರುತ್ತದೆ. ನಿಮ್ಮ ಎದೆ ಉರಿಗೆ ಅದೇ ಕಾರಣ ಇರಬಹುದು. ಉಂಡ ಮೇಲೆ ಮೂರು ಗಂಟೆಯಾದರೂ ಮಲಗಬೇಡಿ. ಹತ್ತು ಹದಿನೈದು ನಿಮಿಷ ನಡೆಯಿರಿ, ಊಟದ ನಂತರ ಶುಗರ್ ಏರುವುದು ಅದರಿಂದ ಕಡಿಮೆಯಾಗುತ್ತದೆ.

ಬೆಳಗ್ಗೆ ಉಪವಾಸ ಬೇಡ. ಎರಡು ಇಡ್ಲಿಯನ್ನಾದರೂ ತಿಂದಿರಿ. ನಿಮಗೆ ಮಾತ್ರೆ ಇಲ್ಲ, ಆದರೆ ಇದನ್ನು ಓದುವ ಬೇರೆಯವರಿಗೆ ಹೇಳುತ್ತೇನೆ: ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಂಡು ಮುಹೂರ್ತಕ್ಕಾಗಿ ಹಸಿದು ಕೂರುವುದು ಅಪಾಯ. ಶುಗರ್ ಕೆಳಗೆ ಬಿದ್ದು ತಲೆ ಸುತ್ತಿ ಬೀಳಬಹುದು. ನಿಮ್ಮ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ.

ಜಿಡ್ಡಿನ ಊಟವಾದಾಗಲೆಲ್ಲ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಪಿತ್ತಕೋಶದ ಕಲ್ಲು ಇರಬಹುದು, ಗ್ಯಾಸಿನ ಮಾತ್ರೆಯಲ್ಲೇ ದಿನ ತಳ್ಳಬೇಡಿ. ಎದೆ ಉರಿಯ ಜೊತೆ ಬೆವರು, ಉಸಿರು ಕಟ್ಟುವುದು, ತೋಳಿಗೋ ದವಡೆಗೋ ಹರಡುವ ನೋವು ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹೆಂಗಸರು ಇದನ್ನು ‘ಊಟ ಜಾಸ್ತಿ ಆಯಿತು’ ಎಂದು ತಳ್ಳಿಹಾಕುವುದು ತುಂಬಾ ಇದೆ.

ಉತ್ತರ: ಧಾರವಾಡದಾಕಿ

ನಮ್ಮ ಕಡೆ ಹೋಳಿಗಿ ಅಂದ್ರ ಊಟದ ಕಡೀಕ ಬರೋ ಸಿಹಿ ಅಲ್ರೀ, ಹೋಳಿಗೀನ ಊಟ. ಹೋಳಿಗಿ, ಮ್ಯಾಲ ತುಪ್ಪ, ಬಟ್ಟಲದಾಗ ಬಿಸಿ ಹಾಲು, ಬಾಜೂಕ ಕಟ್ಟಿನ ಸಾರು, ಕಡೀಕ ಎರಡು ತುತ್ತು ಅನ್ನ. ಬ್ಯಾಳಿ ಬೇಯಿಸಿದ ಕಟ್ಟಿನ್ಯಾಗ ಮಸಾಲಿ ಹಾಕಿ ಮಾಡಿದ ಆ ಸಾರು ಖಾರ ಖಾರ ಇರ್ತದ. ಒಂದು ಸಿಹಿ ತುತ್ತು, ಒಂದು ಗುಟುಕು ಸಾರು, ಹಿಂಗ ಉಂಡ್ರ ಎರಡನೇ ಹೋಳಿಗಿ ನಡಬರಕ ಬಂದಾಗ ‘ಸಾಕ್ರವಾ’ ಅಂತ ತಾನಾಗೇ ಬಾಯಾಗ ಬರ್ತದ. ನೀವು ಅನ್ನ, ತೊವ್ವಿ, ಪುಳಿಯೋಗರಿ ಎಲ್ಲಾ ಉಂಡು ಅದರ ಮ್ಯಾಲ ಹೋಳಿಗಿ ಇಡಾಕತ್ತೀರಿ. ಅದು ಎರಡು ಊಟ ಆತಲ್ರೀ ಅಕ್ಕಾರ. ನಿಮ್ಮ ಕಡೇನೂ ಒಬ್ಬಟ್ಟಿನ ಸಾರು ಮಾಡ್ತೀರಲ್ಲ, ಆವತ್ತು ಅದನ್ನ ಕೇಳಿ ಹಾಕಿಸ್ಕೋರಿ.

ಉತ್ತರ: ಮದ್ದೂರಿನ ಹುಡುಗ

ಅಕ್ಕ, ಬೀಗರ ಊಟದ ಬಗ್ಗೆ ಯಾರೂ ಹೇಳಲಿಲ್ಲ, ಅಸಲಿ ಕಷ್ಟ ಅಲ್ಲಿರೋದು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕೈಮ ಉಂಡೆ, ಕಬಾಬ್, ಬಿರಿಯಾನಿ, ಮೊಟ್ಟೆ, ಎಲ್ಲಾ ಒಂದೇ ಎಲೆಗೆ. ಮುದ್ದೆ ಅಗಿಯೋ ಪದಾರ್ಥ ಅಲ್ಲ, ಸಾರಲ್ಲಿ ಅದ್ದಿ ನುಂಗಿದರೆ ಐದು ನಿಮಿಷಕ್ಕೆ ಇಡೀ ಮುದ್ದೆ ಒಳಗೆ. ಅದರ ಮೇಲೆ ಬಿರಿಯಾನಿ ಬಂದರೆ ಹೊಟ್ಟೆ ಏನು ಮಾಡಬೇಕು? ನಮ್ಮಪ್ಪಂಗೆ ಎರಡು ವರ್ಷದ ಹಿಂದೆ ಹಾರ್ಟ್ ಆಪರೇಷನ್ ಆದ ಮೇಲೆ ನಮ್ಮ ಮನೇಲಿ ಒಂದು ತೀರ್ಮಾನ: ಮುದ್ದೆನೋ ಬಿರಿಯಾನಿನೋ, ಎರಡರಲ್ಲಿ ಒಂದು. ಅರ್ಧ ಮುದ್ದೆ ಸಾಕು. ಪೀಸ್ ಹಾಕಿಸ್ಕೊಳ್ಳುವಾಗ ಮೂಳೆ ಇರೋದು ಕೇಳಿ. ಮೂಳೆ ಬಿಡಿಸ್ಕೊಂಡು, ನಲ್ಲಿ ಹೀರ್ಕೊಂಡು ತಿನ್ನೋಕೆ ಹೊತ್ತು ಹಿಡಿಯುತ್ತೆ, ಸ್ವಲ್ಪದರಲ್ಲೇ ತೃಪ್ತಿ ಆಗುತ್ತೆ. ಅಪ್ಪ ಈಗ ಎರಡೇ ಪೀಸ್ ತಿಂತಾರೆ, ಸಾರಿನ ಉಪ್ಪು ಖಾರ ಹೇಳೋದ್ರಲ್ಲಿ ಮಾತ್ರ ಮೊದಲಿಗಿಂತ ಚುರುಕಾಗಿದ್ದಾರೆ.

ಮಂಡ್ಯದ ಟೀಚರ್ (ಐದು ವಾರದ ನಂತರ)

ಮದುವೆ ಚೆನ್ನಾಗಿ ಆಯಿತು. ನಾಳೆ ಬೀಗರ ಊಟ, ಅದಕ್ಕೆ ಮೊದಲು ನಿಮಗೆಲ್ಲ ಹೇಳಲೇಬೇಕು ಎನಿಸಿತು.

ಆರತಕ್ಷತೆಯಲ್ಲಿ ಸೋತೆ. ಸುತ್ತು ಹಾಕಿ ನೋಡಿದ್ದೇನೋ ನಿಜ, ಆದರೆ ಅಷ್ಟರಲ್ಲಿ ನೆಂಟರು ತಟ್ಟೆ ತುಂಬಿಸಿಕೊಟ್ಟರು, ನಿಂತುಕೊಂಡೇ ಮಾತಾಡುತ್ತಾ ಅದನ್ನೆಲ್ಲ ಮುಗಿಸಿದೆ. ಏನು ತಿಂದೆ ಎಂದು ಇವತ್ತು ಕೇಳಿದರೆ ಗೋಬಿ ಬಿಟ್ಟು ಬೇರೇನೂ ನೆನಪಿಗೆ ಬರುವುದಿಲ್ಲ.

ಮಾರನೆಯ ದಿನ ಬೆಳಗ್ಗೆ ಏಳಕ್ಕೇ ಎರಡು ಇಡ್ಲಿ ತಿಂದೆ. ಊಟಕ್ಕೆ ಕೊನೆಯ ಪಂಕ್ತಿ. ಸಾಗರದ ಅಣ್ಣ ಹೇಳಿದಂತೆ ನಿಧಾನ ಉಣ್ಣುವವರನ್ನು ಹುಡುಕಿದೆ, ಹುಡುಕಲು ದೂರ ಹೋಗಬೇಕಾಗಲಿಲ್ಲ. ಅವ್ವನಿಗೆ 73, ಮೇಲಿನ ಸಾಲಿನಲ್ಲಿ ನಾಲ್ಕೇ ಹಲ್ಲು. ಅವ್ವನ ಪಕ್ಕ ಕೂತೆ. ಪುಳಿಯೋಗರೆ ಒಂದು ತುತ್ತು, ಆಂಬೊಡೆ ಒಂದು, ಅನ್ನ ಬೇಡವೆಂದು ಅಂಗೈ ಅಡ್ಡ ಹಿಡಿದೆ. ಬಡಿಸುವ ಹುಡುಗ ಒಂದು ಮಾತೂ ಆಡದೆ ಮುಂದೆ ಹೋದ. ಒಬ್ಬಟ್ಟಿನ ಸಾರು ಕೇಳಿದೆ, ಬಟ್ಟಲಲ್ಲಿ ತಂದುಕೊಟ್ಟರು.

ಒಬ್ಬಟ್ಟು ಬಂತು. ಅವ್ವ ತುಪ್ಪದಲ್ಲಿ ನೆನೆಸಿ, ಬೆರಳಲ್ಲಿ ಚೂರು ಚೂರು ಮಾಡಿ ಬಾಯಿಗೆ ಹಾಕಿಕೊಂಡು, ವಸಡಿನಲ್ಲೇ ಅದುಮಿ ತಿನ್ನುತ್ತಿದ್ದರು. ನಾನೂ ಅಷ್ಟೇ ಸಣ್ಣ ತುಂಡು ಮುರಿದೆ. ಅವರು ನುಂಗಿದ ಮೇಲೆ ನಾನು ಮುಂದಿನದಕ್ಕೆ ಕೈ ಇಟ್ಟೆ. ಮೊದಲ ಎರಡು ನಿಮಿಷ ತುಂಬಾ ಕಷ್ಟವಾಯಿತು, ಕೈ ತಾನಾಗಿ ಎಲೆಗೆ ಹೋಗುತ್ತಿತ್ತು. ಆಮೇಲೆ ಒಗ್ಗಿತು. ಎರಡನೇ ಸುತ್ತು ಬಂದಾಗ ಎಲೆಯಲ್ಲಿ ತುಂಡು ಉಳಿದಿತ್ತು, ಬುಟ್ಟಿ ನಿಲ್ಲದೆ ಹೋಯಿತು. ಮೂರನೇ ಸುತ್ತಿಗೆ ಅರ್ಧ ಕೇಳಿ ಹಾಕಿಸಿಕೊಂಡೆ. ಒಟ್ಟು ಒಂದೂವರೆ. ಊಟವಾದ ಮೇಲೆ ಛತ್ರದ ಹಿಂದಿನ ತೆಂಗಿನ ತೋಟದಲ್ಲಿ ಅವ್ವನ ಕೈ ಹಿಡಿದು ಎರಡು ಸುತ್ತು ನಡೆದೆ. ರಾತ್ರಿ ಹತ್ತೂವರೆಗೆ ಮಲಗಿದವಳು ಬೆಳಗ್ಗೆ ಎದ್ದೆ.

ಕೈ ತೊಳೆಯುವ ಜಾಗದಲ್ಲಿ ಅವ್ವ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ಕೇಳಿದರು: ‘ಬೆಲ್ಲ ಒಂಚೂರು ಮುಂದಾಗಿತ್ತು, ಅಲ್ವೇನವ್ವ?’

ಹೌದು, ಒಂಚೂರು ಮುಂದಾಗಿತ್ತು. ಏಲಕ್ಕಿಯ ಜೊತೆ ಜಾಯಿಕಾಯಿಯೂ ಇತ್ತು ಎಂದು ನಾನು ಹೇಳಿದೆ. ಅವ್ವ ನಾಲಿಗೆಯನ್ನು ಮೇಲ್ದುಟಿಗೆ ಸವರಿ, ಒಂದು ಕ್ಷಣ ಯೋಚಿಸಿ, ‘ಇತ್ತು ಕಣವ್ವ’ ಎಂದರು.